ಒಡಪು ಹೇಳಿದ್ರ ಬಾಗಿಲು ತಗೀತೀವಿ

ನಮ್ಮ ವೈನಿ, ಅಂದ್ರ ಅಣ್ಣನ ಹೆಂಡತಿ, ಒಡಪು ಹೇಳೂದು ಬಿಟ್ಟಳು ಅಂತ ನಾನೂ ನನ್ನ ಗೆಳತಿನೂ ಕೂಡಿ ಒಂದು ಸೋಶಿಯಲ್ ನೆಟ್‌ವರ್ಕ್ ಕಟ್ಟಿದ್ವಿ. ಹಿಂಗಂದ್ರ ಮಂದಿ ನಗ್ತಾರ. ನಗ್ಲಿ ಬಿಡ್ರಿ. ಇದಕ್ಕಿಂತ ಸಣ್ಣ ಕಾರಣಕ್ಕ ಮಂದಿ ಬ್ಯಾರೆ ಮನಿ ಮಾಡ್ಯಾರ, ನಾವು ಬ್ಯಾರೆ ನೆಟ್‌ವರ್ಕ್ ಮಾಡಿದ್ವಿ, ಅಷ್ಟೇ.

ನಮ್ಮ ಕಡಿ ಹೆಂಡತಿ ಗಂಡನ ಹೆಸರು ಹಿಡಿದು ಕರಿಯಾಂಗಿಲ್ಲ. ವರ್ಷಾನುಗಟ್ಲೆ ಸಂಸಾರ ಮಾಡಿದ್ರೂ "ಅವರು", "ಇವರು", "ನಿಮ್ಮ ಅಪ್ಪ", ಇದರಾಗೇ ಜಲಮ ಕಳೀತದ. ಖರೆ, ಮದುವಿ, ಕುಬಸ, ತೊಟ್ಟಿಲಾ ಅಂತ ಏನರ ಇದ್ದಾಗ ನಾಕು ಹೆಂಗಸರು ಅಡ್ಡ ನಿಂತು ಬಾಗಿಲು ಹಿಡೀತಾರ: "ಹೆಸರು ಹೇಳು, ಆಮ್ಯಾಲ ಒಳಗ ಬಾ." ಆಗ ನಿಂತ ಜಾಗಾದಾಗೇ ಎರಡು-ಮೂರು ಸಾಲು ಪ್ರಾಸ ಕಟ್ಟಿ, ಅದರ ನಡುವ ಗಂಡನ ಹೆಸರು ಇಟ್ಟು ಹೇಳಬೇಕು. ಅದಕ್ಕ ನಾವು ಒಡಪು ಅಂತೀವಿ, ಓಣಿಯ ಮರಾಠಿ ಮಂದಿ ಉಖಾಣಾ ಅಂತಾರ. ಭಾಳ ಹೆಂಗಸರು ಅಜ್ಜಿ ಕಲಿಸಿದ ಒಂದೇ ಒಡಪು ಇಟ್ಕೊಂಡು ಜೀವನಪೂರ್ತಿ ನಡಸ್ತಾರ. ನಮ್ಮ ವೈನಿ ಹಂಗಲ್ಲ. ಆಕಿ ಪ್ರತಿ ಸಲ ಹೊಸಾದು ಕಟ್ಟಾಕಿ. ಮುರುಮ ಊರ ಹುಡುಗಿ, ನಾಲಿಗಿ ಭಾಳ ಹರಿತ. ರೊಟ್ಟಿ ಬಡಿಯೂ ಸಪ್ಪಳಕ್ಕ ಸರಿಯಾಗಿ ಒಳಗೊಳಗ ಗುಣಗುಣಸ್ತಿದ್ಳು, ನಾ ಕಟ್ಟಿ ಮ್ಯಾಲ ಚಹಾ ಕುಡಕೊಂತ ಕುಂತು ಕೇಳ್ತಿದ್ದೆ. ವಯಸ್ಸಿನಾಗ ನನಗಿಂತ ಸಣ್ಣಾಕಿ, ನಾತಾದಾಗ ದೊಡ್ಡಾಕಿ. ಹಿಂಗಾಗಿ ನಾವಿಬ್ಬರೂ ಒಬ್ಬರಿಗೊಬ್ಬರು "ನೀ" ಅಂತೇ ಮಾತಾಡ್ತೀವಿ.

ನನ್ನ ವಿಷಯನೂ ಹೇಳಿಬಿಡ್ತೀನಿ. ಮಹಾರಾಷ್ಟ್ರದ ಗಡಿಯಾಗಿನ ನಿಲಂಗಾದಾಗ ಬಸ್‌ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ಕ್ಲಾಸ್ ತಗೊಳ್ತೀನಿ. ಮದುವಿ ಆಗಿಲ್ಲ. ಅದರ ಚಿಂತಿ ಇಡೀ ಓಣಿಗೆ ಅದ, ನನಗೊಬ್ಬಾಕಿಗೇ ಇಲ್ಲ. ಅಣ್ಣ, ವೈನಿ, ಅವ್ವ, ನಾ, ಎಲ್ಲಾರೂ ಒಂದೇ ಮನ್ಯಾಗ ಇರ್ತೀವಿ. ಅಣ್ಣಂದು ಮೊಂಢಾದಾಗ, ಅಂದ್ರ ನಮ್ಮ ಊರ ಧಾನ್ಯದ ಪ್ಯಾಟ್ಯಾಗ, ಅಡತಿ ಅಂಗಡಿ. ಸೋಯಾ, ತೊಗರಿ, ಕಡ್ಲಿ ಲಿಲಾವಿನ ಸವಾಲು ಕೂಗತಾನ, ಭಾವ ಅಂದ್ರ ದರ ಕಟ್ಟತಾನ. ಅವನ ಆವಾಜ ಎಂಥಾದಂದ್ರ, ಮೊಂಢಾದಾಗ ಕೂಗಿದ್ರ ಕೋರ್ಟಿನಾಗ ವಕೀಲರು ಎದ್ದು ನಿಲ್ಲಬೇಕು.

ಏನಾತಂದ್ರ, ಉಮರ್ಗಾದಾಗ ಚಿಗವ್ವನ ಮಗಳ ಮದುವಿ ಹಳದಿ ಹಚ್ಚೂ ಕಾರ್ಯ ಇತ್ತು. ಹೆಂಗಸರು ವೈನಿನ ಬಾಗಿಲದಾಗ ಹಿಡಿದು ನಿಲ್ಲಿಸಿದ್ರು. ಆಕಿ ಸೆರಗು ಸರಿ ಮಾಡ್ಕೊಂಡು ಅಂದಳು:

"ಮೊಂಢಾದಾಗ ಕೂಗತಾರ ತೊಗರಿಗೆ ಹುಲಿಯಂಗ,
ಮನ್ಯಾಗ ಹಲ್ಲಿ ಕಂಡ್ರ ಮಂಚ ಏರತಾರ ಇಲಿಯಂಗ,
…ರಾಯರು ನನ್ನವರು, ಹ್ಯಾಂಗಿದ್ರೂ ಹಂಗ!"

ಚುಕ್ಕಿ ಇಟ್ಟ ಜಾಗಾದಾಗ ಅಣ್ಣನ ಹೆಸರು. ಅದನ್ನ ನಾ ಬರಿಯೂದಿಲ್ಲ. ನಕ್ಕು ನಕ್ಕು ಹೆಂಗಸರ ಹೊಟ್ಟಿ ಹುಣ್ಣಾತು. ಅಷ್ಟರಾಗ ನಮ್ಮ ಬಳಗದಾಕಿ ಒಬ್ಬಾಕಿ ಫೋನಿನಾಗ ಅದನ್ನ ಹಿಡಿದಿದ್ದಳು. ಹಿಡಿದು ಮನೆತನದ ಗ್ರೂಪಿಗೆ ಹಾಕಿದಳು. ಅಲ್ಲಿಂದ ಊರ ಗ್ರೂಪು, ಊರ ಗ್ರೂಪಿಂದ ಮೊಂಢಾದ ಗ್ರೂಪು. ನಾವು ಊಟ ಮುಗಿಸಿ ಎಲಿ ಅಡಿಕಿ ಬಾಯಾಗ ಹಾಕೂದ್ರಾಗ ಲೋಹಾರಾದಿಂದ ಉದಗೀರ ತನಕ ಅಣ್ಣ ಮಂಚ ಏರಿ ಕುಂತಿದ್ದ.

ಮರುದಿವಸ ಅಂಗಡಿಗೆ ಹೋದ್ರ ತಕ್ಕಡಿ ಮ್ಯಾಲ ಯಾರೋ ಪ್ಲಾಸ್ಟಿಕ್ ಹಲ್ಲಿ ಇಟ್ಟಿದ್ರಂತ. ಸವಾಲಿಗೆ ನಿಂತ್ರ ಹಿಂದಿಂದ "ಲೊಚ್ ಲೊಚ್" ಅಂತ ಸಪ್ಪಳ. ನೋಡೂದು, ಅನ್ನೂದು, ನಗೂದು. ಅಣ್ಣ ಒಂದು ದಿವಸ ತಡದ, ಎರಡು ದಿವಸ ತಡದ, ಒಂದಿನ ಮಧ್ಯಾಹ್ನ ಊಟಕ್ಕ ಬಂದಾಂವ ತಾಟು ಸರಿಸಿ ಎದ್ದ. "ಇನ್ನ ಮ್ಯಾಲ ನನ್ನ ಹೆಸರು ನಿನ್ನ ಬಾಯಾಗ ಬರಬಾರದು," ಅಂದ.

ಸಿಟ್ಟಿನಾಗ ಅಂದ ಮಾತು. ಹತ್ತು ಮಂದಿ ಗಂಡಸರು ಹತ್ತು ಸಲ ಅಂತಾರ, ಸಂಜೀಕ ಮರೀತಾರ. ಅಣ್ಣನೂ ಮರತ. ವೈನಿ ಮರೀಲಿಲ್ಲ. ಜಗಳಾಡಲಿಲ್ಲ, ಅಳಲಿಲ್ಲ, ತವರಿಗೆ ಹೋಗಲಿಲ್ಲ. ರೊಟ್ಟಿ ಮಾಡಿದ್ಳು, ನೀಡಿದ್ಳು, ನಕ್ಕೊಂತ ಮಾತಾಡಿದ್ಳು. ಒಡಪು ಮಾತ್ರ ಬಂದಾತು. ಯಾವ ಮನಿಗೆ ಹೋದ್ರೂ, ಎಷ್ಟು ಮಂದಿ ಬಾಗಿಲು ಹಿಡಿದ್ರೂ, "ನನಗ ಬರೂದಿಲ್ರಿ," ಅನ್ನಾಕಿ. ರೊಟ್ಟಿ ಮುಂದಿನ ಗುಣುಗುಣುನೂ ನಿಂತು, ಬರೇ ಸಪ್ಪಳ ಉಳೀತು. ನನ್ನ ಚಹಾದ ರುಚಿ ಹೋತು ಅಂದ್ರ ನೀವು ನಂಬೂದಿಲ್ಲ.

ನನಗ ಮೂಗಿನ ತುದಿ ಮ್ಯಾಲೇ ಸಿಟ್ಟು. ಫೋನು ಹಿಡಿದಾಕಿ ಮನಿಗೆ ಹೋಗಿ ಬೈದು ಬಂದೆ. ಆಕಿ ಅಂದಳು, "ಎಲ್ಲಾರೂ ಹಾಕ್ತಾರ, ನಾನೂ ಹಾಕಿದೆ." ಅದಕ್ಕೇನು ಉತ್ತರ ಕೊಡ್ತೀರಿ? ಬಸ್ ಹತ್ತಿ ಸೀದಾ ಉದಗೀರಕ್ಕ ಹೋದೆ, ಕಾಲೇಜಿನ ಗೆಳತಿ ಹತ್ರ. ಆಕಿ ಅಂಗಡಿಕಾರರಿಗೆ ಬಿಲ್ಲು ಮಾಡೂ ಸಾಫ್ಟ್‌ವೇರ್ ಬರದು ಕೊಡ್ತಾಳ. ಮೂರು ಮಾತಿಗೆ ಒಂದು ಮಾತು ಆಡೂ ಹೆಂಗಸು. ನಾ ಕೂಗಾಡೂದು ಮುಗಿಯೂ ತನಕ ಆಕಿ ಶೇಂಗಾ ಸುಲಕೊಂತ ಕುಂತಿದ್ದಳು. ಆಮ್ಯಾಲ ಅಂದಳು, "ನಮ್ಮದೇ ಒಂದು ಮಾಡೂಣು. ಒಳಗ ಹೇಳಿದ್ದು ಹೊರಗ ಹೋಗಬಾರದು." ಅದಕ್ಕ ಒಳಖೋಲಿ, ಅಂದ್ರ ಒಳಗಿನ ಕೋಣಿ, ಅಂತ ಹೆಸರಿಟ್ವಿ.

ಮೊದಲು ನಿರ್ಣಯ ಆಗಿದ್ದು, ಬರಿಯೂದು ಇಲ್ಲ, ಬರೇ ಮಾತು. ಯಾಕಂದ್ರ ನಮ್ಮ ಮಂದಿಗೆ ಮನ್ಯಾಗ ಕನ್ನಡ, ಸಾಳ್ಯಾಗ ಮರಾಠಿ. ಅವ್ವನ ಜೋಡಿ ಜಗಳಾಡೂ ಭಾಷಾದಾಗ ಒಂದಕ್ಷರ ಬರಿಲಿಕ್ಕ ಬರಂಗಿಲ್ಲ. ನನಗರ ಎಲ್ಲಿ ಬರ್ತಿತ್ತು? ಆಳಂದದಾಗಿನ ಸೋದರತ್ತಿ ಸೂಟಿಯಾಗ ಕುಂಡ್ರಿಸಿ ತಿದ್ದಿಸಿದ್ದಕ್ಕ ಇವತ್ತು ಇದನ್ನ ಬರೀಲಕತ್ತೀನಿ. ಆಮ್ಯಾಲ, ಫೋನ್ ನಂಬರು ಕೇಳೂದಿಲ್ಲ, ಖರೆ ಹೆಸರು ಕೇಳೂದಿಲ್ಲ, ಯಾರು ಯಾವಾಗ ಬಂದ್ರು ತೋರಸೂದಿಲ್ಲ, ಕೇಳಿದ್ರೋ ಬಿಟ್ರೋ ತೋರಸೂದಿಲ್ಲ, ಮುಂದ ಕಳಸೂ ಗುಂಡಿ ಇಲ್ಲವೇ ಇಲ್ಲ. ಇವತ್ತು ಹೇಳಿದ್ದು ನಾಳಿ ಮುಂಜಾನಿಗೆ ತಾನೇ ಅಳಿಸಿ ಹೋಗ್ತದ. "ಹೊರಗಿಂದ ಇನ್ನೊಂದು ಫೋನು ಹಿಡಿದ್ರ ನಾವೇನು ಮಾಡಾಂಗಿಲ್ಲ," ಅಂದಳು ಗೆಳತಿ. "ಅದಕ್ಕ ಗುರ್ತಿನವರನ್ನೇ ತಗೋಬೇಕು."

ಹಂಗಾಗಿ ಬಾಗಿಲು ಹಿಡಿಯೂ ಪದ್ಧತಿನೇ ತಂದ್ವಿ. ಹೊಸಾಕಿ ಬಂದ್ರ ಒಳಗಿದ್ದ ಇಬ್ಬರು "ಹೌದು, ನಮ್ಮಾಕಿ" ಅನ್ನಬೇಕು, ಮತ್ತ ಆಕಿ ಬಾಗಿಲದಾಗ ನಿಂತು ಒಂದು ಒಡಪು ಹೇಳಬೇಕು. ಮೊದಲ ದಿವಸ ನನ್ನನ್ನೇ ಹಿಡಿದು ನಿಲ್ಲಿಸಿದ್ರು! ಗಂಡ ಇಲ್ರವ್ವಾ ಅಂದ್ರ ಕೇಳಬೇಕಲ್ಲ. ಕಡೀಕ ಕಂಪ್ಯೂಟರಿನ ಹೆಸರಿಲೇ ಒಂದು ಒಡಪು ಕಟ್ಟಿ ಒಳಗ ಹೋದೆ.

ನಮ್ಮ ಕಂಪ್ಯೂಟರ್ ಎಲ್ಲಿ ಅದ ಅಂತೀರಿ? ಗೆಳತಿ ಮನ್ಯಾಗ, ಜ್ವಾಳದ ಕೋಠಿ ಮ್ಯಾಲ. ಹಳೇ ಡಬ್ಬಿ, ಬಾಜೂಕ ಇನ್ವರ್ಟರು. ಎಲ್ಲಾ ಮಾತೂ ಅದರಾಗೇ, ಬೀಗ ಹಾಕ್ಕೊಂಡು ಇರ್ತಾವ. ಬೀಗದ ಕೈ ಆಯಾ ಹೆಂಗಸಿನ ಫೋನಿನಾಗ, ನಮ್ಮ ಹತ್ರ ಇಲ್ಲ. ಎಲ್ಲಾ ಛಂದ ನಡದಿತ್ತು. ಖಂಡೇನವಮಿ ದಿವಸ ಒಮ್ಮಿಗಿಲೇ ಒಳಖೋಲಿ ಬಂದ್! ಉಮರ್ಗಾದಿಂದ ಫೋನು, ಮುರುಮದಿಂದ ಫೋನು, "ಬಾಗಿಲು ಯಾಕ ಹಾಕೀರಿ?" ಅಂತ. ಗೆಳತಿ ಓಡಿ ಹೋಗಿ ನೋಡಿದ್ರ, ಆಕಿ ಅತ್ತಿ ಡಬ್ಬಿಗೆ ವಿಭೂತಿ ಹಚ್ಚಿ, ಚೆಂಡೂವಿನ ಮಾಲಿ ಹಾಕಿ, ವಯರ್ ಕಿತ್ತಿ ಇಟ್ಟಿದ್ದಳು. "ಆಯುಧಕ್ಕ ಇವತ್ತೊಂದಿನ ವಿಶ್ರಾಂತಿ ಇರ್ತದ. ಕುಡಗೋಲು, ಒನಕಿ ಎಲ್ಲಾ ಮಲಗ್ಯಾವ, ಇದೊಂದು ಯಾಕ ದುಡೀಬೇಕು?" ಅಂದಳಂತ. ಅತ್ತಿ ಮಾತು ತಗದು ಹಾಕ್ಲಿಕ್ಕ ಬರ್ತದೇನು? ಈಗ ಪ್ರತಿ ವರ್ಷ ಖಂಡೇನವಮಿಗೆ ಒಳಖೋಲಿಗೆ ಸೂಟಿ.

ಪಾಸ್‌ವರ್ಡಿಂದು ಇನ್ನೊಂದು ರಾಮಾಯಣ. ಗಟ್ಟಿ ಪಾಸ್‌ವರ್ಡ್ ಇಡ್ರಿ ಅಂದ್ರ ಎಲ್ಲಾರೂ ತಮ್ಮ ತಮ್ಮ ಮನಿದೇವರ ಹೆಸರಿಟ್ಟು ನಮ್ಮ ಮುಂದೇ ಹೇಳಿದ್ರು. ಕುರಿ ಕಾಯೂ ಮನಿಯವರೆಲ್ಲಾ ಬೀರಪ್ಪ, ನಮ್ಮಂಥಾ ಒಕ್ಕಲಿನವರೆಲ್ಲಾ ಬಸವಣ್ಣ. ಯಾರದಾದ್ರೂ ತಗೀಬಹುದು! ನಾ ಬೈದೆ. ಒಬ್ಬಾಕಿ ಅಂದಳು, "ಅಲ್ರಿ ಮೇಡಂ, ದೇವರಿಗಿಂತ ಗಟ್ಟಿ ಯಾವುದದ ಹೇಳ್ರಿ, ಅದನ್ನೇ ಇಡ್ತೀನಿ." ಕಡೀಕ ದೇವರ ಹೆಸರಿನ ಮುಂದ ನೈವೇದ್ಯದ ಹೆಸರೂ ಸೇರಿಸ್ರಿ ಅಂತ ಒಪ್ಪಿಸಿದ್ವಿ.

ಖರೆ, ಎಲ್ಲಾದಕ್ಕಿಂತ ದೊಡ್ಡ ಫಜೀತಿ ಒಡಪಿಂದೇ. ನಾವು ಎಷ್ಟು ತಲಿ ಕೆಡಿಸ್ಕೊಂಡು ಯಾರ ಹೆಸರೂ ಇಲ್ಲದ ಜಾಗಾ ಮಾಡಿದ್ವಿ! ಜಾಜಿ, ಮೆಂತೆ, ಕಾಡಿಗಿ ಅಂತ ಅಡ್ಡಹೆಸರು ಇಟ್ಕೊಂಡು ಬಂದ್ರು. ಬಂದು ಬಾಗಿಲದಾಗ ನಿಂತು ದೊಡ್ಡ ದನಿ ತಗದು ಒಬ್ಬೊಬ್ಬಾಕೀನೂ ಗಂಡನ ಪೂರ್ತಿ ಹೆಸರು, ಮನೆತನ, ಊರು, ಸಾಲದಕ್ಕ ಟ್ರ್ಯಾಕ್ಟರಿನ ಬಣ್ಣ ಸುದ್ದಾ ಪ್ರಾಸಕ್ಕ ಸೇರಿಸಿ ಹೇಳಿದ್ರು. ಗೆಳತಿ ಹಣಿ ಬಡ್ಕೊಂಡು, "ಗುಟ್ಟು ಹೋತು ಹಳ್ಳ ಹಿಡಿದು," ಅಂದಳು. ಹೆಸರು ಬಿಟ್ಟು ಹೇಳ್ರವ್ವಾ ಅಂತ ಕೈ ಮುಗದ್ವಿ. ಹೆಸರಿಲ್ಲದ ಒಡಪು ಉಪ್ಪಿಲ್ಲದ ಬ್ಯಾಳಿ, ನಾವು ಹೇಳೂದಿಲ್ಲ ಅಂದ್ರು. ಅವರಂದಿದ್ದು ಸುಳ್ಳಲ್ಲ. ಈ ಹೆಂಗಸರಿಗೆ ಮುಚ್ಚಿಡೂದೇನಿರಲಿಲ್ಲ. ಯಾರು ಕೇಳಬೇಕು, ಯಾರು ಕೇಳಬಾರದು, ಅದು ತಮ್ಮ ಕೈಯಾಗ ಇದ್ರ ಅವರಿಗೆ ಸಾಕಾಗಿತ್ತು. ನಮ್ಮಿಬ್ಬರಿಗೆ ಕಂಪ್ಯೂಟರ್ ತಿಳೀತಿತ್ತು, ಇಷ್ಟು ತಿಳೀಲಿಕ್ಕ ಒಂದು ಹಂಗಾಮು ಹೋತು.

ಒಳಖೋಲಿ ಬೆಳೀತು. ಅತ್ತಿಯಂದಿರು ಕುಂಯ್‌ಗುಟ್ಟಿದ್ರು: "ಸೊಸಿ ಆನ್‌ಲೈನ್ ಅದಾಳೋ ಇಲ್ಲೋ ತೋರಸೂದಿಲ್ಲಂದ್ರ ಅದೆಂಥಾ ಆ್ಯಪು?" ಕುಂಯ್‌ಗುಟ್ಟಿ ತಾವೂ ಸೇರಿದ್ರು. ಸೊಸಿ ಬ್ಯಾರೆ ಅಡ್ಡಹೆಸರಿನಾಗ, ಅತ್ತಿ ಬ್ಯಾರೆ ಅಡ್ಡಹೆಸರಿನಾಗ, ಇಬ್ಬರೂ ಒಬ್ಬರ ಒಡಪಿಗೊಬ್ಬರು ನಕ್ಕಿದ್ದೂ ಅದ. ಗಂಡಸರು ಬ್ಯಾಡ ಅಂತ ಹೆಂಗಸರೇ ಠರಾವು ಮಾಡಿದ್ರು. ನಾ ಮಾತ್ರ ದಿವಸಾ ಕಿವಿಗೆ ಫೋನು ಹಚ್ಚಿ ಒಂದೇ ದನಿ ಕಾಯ್ತಿದ್ದೆ. ಅದು ಬರಲಿಲ್ಲ. ನನ್ನ ಕಿವಿ ತಪ್ಪಿಸಿ ಒಳಗ ಬಂದು ಸುಮ್ಮ ಕುಂತು ಕೇಳ್ತಾಳೋ ಏನೋ ಅಂದ್ಕೊಂಡೆ. ಯಾರು ಒಳಗದಾರ ಅಂತ ನನಗ ಸುದ್ದಾ ಕಾಣದಂಗ ನಾವೇ ಮಾಡಿದ್ವಿ.

ಅಷ್ಟರಾಗ ಅಣ್ಣನ ಪಾಡು ಬ್ಯಾರೆ ಆಗಿತ್ತು. ಮೊಂಢಾದಾಗ ಹಲ್ಲಿ ಚೇಷ್ಟಾ ಎಲ್ಲಾರೂ ಮರತಿದ್ರು. ಅಂವಗ ಮನಿ ಸಪ್ಪಗಾಗಿದ್ದು ತಡ್ಕೊಳ್ಳಿಕ್ಕಾಗ್ತಿದ್ದಿಲ್ಲ. ಬ್ಯಾರೆಯವರ ಮನಿ ಕಾರ್ಯದಾಗ ಹೆಂಡತಿಯರು ಒಡಪು ಹೇಳೂ ಮುಂದ ಗಂಡಸರು ಮೀಸಿ ಕೆಳಗ ನಗ್ತಾರ ನೋಡ್ರಿ, ಆಗ ಇಂವಾ ಎದ್ದು ಚಪ್ಪಲಿ ಹುಡುಕ್ತಿದ್ದ. ಒಂದಿನ ನನ್ನ ಕ್ಲಾಸಿಗೇ ಬಂದು ಕುಂತ.

"ಆಕಿ ನಿಂದರಾಗ ಹೇಳ್ತಾಳೇನು?"

"ಏನು?"

"ಏನು ಅಂತಾಳ! ನನ್ನ ಹೆಸರು."

ನಗೂ ತಡಕೊಂಡು ಕುರ್ಚಿ ಅವನ ಹತ್ರ ಎಳಕೊಂಡೆ. "ನನಗ ಗೊತ್ತಿಲ್ಲಣ್ಣಾ, ಗೊತ್ತಾಗದಂಗ ಮಾಡೀವಿ," ಅಂದೆ. ಅಂವಾ ನಂಬಲಿಲ್ಲ. ಮಾಡಿದಾಕಿಗೇ ಗೊತ್ತಾಗದಂಗ ಯಾವ ಹುಚ್ಚಿ ಮಾಡ್ತಾಳ ಅಂದ. ಆಮ್ಯಾಲ ತಲಿ ತಗ್ಗಿಸಿ, "ಹಂಗಾರ ನನ್ನನ್ನ ಒಂದು ಸಲ ಒಳಗ ಬಿಡು," ಅಂದ.

ಒಳಖೋಲ್ಯಾಗ ಈ ಮಾತು ಇಟ್ಟೆ, ಯಾರಂತ ಹೇಳಲಿಲ್ಲ. ಒಬ್ಬ ಗಂಡಸು ಹೆಂಡತಿ ಹೆಸರಿಲೆ ಒಡಪು ಹೇಳ್ತಾನಂತ, ಬಿಡೂಣೇನು? ದೊಡ್ಡ ಪಂಚಾಯ್ತಿ ನಡೀತು. ಕಡೀಕ, ಬಾಗಿಲದಾಗ ನಿಂತು ಹೇಳಿ ಹೊಳ್ಳಿ ಹೋಗಲಿ, ಒಳಗ ಕಾಲಿಡಬಾರದು ಅಂತ ತೀರ್ಮಾನ ಆತು. ಮೊಂಢಾ ನಡುಗಿಸೂ ಅಣ್ಣ ಕ್ಲಾಸಿನ ಬಾಗಿಲು ಹಾಕ್ಕೊಂಡು, ಫೋನಿನ ಮುಂದ ಹೊಸಾ ಮದುಮಗನಂಗ ಬೆವತು, ಇಷ್ಟು ಹೇಳಿದ:

"ಸೋಯಾಕ್ಕ ಒಂದು ಭಾವ, ತೊಗರಿಗೆ ಒಂದು ಭಾವ,
… ಮಾತಾಡದಿದ್ರ ನನ್ನ ಮನ್ಯಾಗ ಏನದ ಜೀವ?"

ಹೆಂಗಸರು ಆವತ್ತು ನಗಲಿಲ್ಲ. ಒಬ್ಬಾಕಿ ಇಷ್ಟೇ ಅಂದಳು, "ಆಕಿ ಕೇಳ್ಯಾಳೋ ಇಲ್ಲೋ, ನಾವು ಕೇಳೀವಪ್ಪಾ." ಮುಂಜಾನಿಗೆ ಅದು ಅಳಿಸಿ ಹೋತು. ಎಲ್ಲೂ ಹೊರಗ ಬರಲಿಲ್ಲ. ಮೂರು ತಾಲೂಕಿನ ಹೆಂಗಸರ ಹೊಟ್ಟ್ಯಾಗ ಒಂದು ಮಾತು ನಿಂತಿತ್ತು! ನಾನೂ ಗೆಳತಿನೂ ಫೋನಿನಾಗೇ ಕುಣದಾಡಿದ್ವಿ.

ಅಣ್ಣ ಮಾತ್ರ ಒಂದು ವಾರ ಮನ್ಯಾಗ ಕಳ್ಳನಂಗ ಅಡ್ಡಾಡಿದ. ವೈನಿ ಮಾರಿ ನೋಡ್ತಿದ್ದ, ತಾಟಿನಾಗ ಒಂದು ತುತ್ತು ಹೆಚ್ಚಿಗಿ ಬಿತ್ತೇನು ನೋಡ್ತಿದ್ದ. ಏನೂ ಬದಲಾಗಿದ್ದಿಲ್ಲ. "ಕೇಳಿದಳೋ ಇಲ್ಲೋ ಅಷ್ಟರ ಹೇಳು," ಅಂತ ನನ್ನ ಜೀವ ತಿಂದ. ನನಗೂ ತಡೀಲಿಲ್ಲ. ವೈನಿ ಅಂಗಳದಾಗ ಅವರಿಕಾಯಿ ಸುಲಕೊಂತ ಕುಂತಿದ್ದಳು, ಹೋಗಿ ಬಾಜೂಕ ಕುಂತು ಕೇಳೇಬಿಟ್ಟೆ:

"ವೈನಿ, ಖರೆ ಹೇಳು, ನೀ ಒಳಖೋಲ್ಯಾಗ ಅದಿಯೇನು?"

"ಇಲ್ಲ."

"ಒಮ್ಮೆನೂ ಬಂದಿಲ್ಲ?"

"ಇಲ್ಲಂದೆನಲ್ಲ."

ನನಗ ಅಂಗಾಲಿಂದ ನೆತ್ತಿ ತನಕ ಸಿಟ್ಟು ಬಂತು. ಎರಡು ಸೋಯಾ ಹಂಗಾಮು ನಿದ್ದಿಗೆಟ್ಟು ಮಾಡಿದ್ದು ಯಾರ ಸಲುವಾಗಿ? ಊರ ಹೆಂಗಸರೆಲ್ಲಾ ಬಂದ್ರು, ಇದ್ದ ಮನ್ಯಾಗಿನಾಕಿ ಬರಲಿಲ್ಲ! "ನಿನ್ನ ಸಲುವಾಗೇ ಕಟ್ಟಿದ್ದು ಅದನ್ನ," ಅಂತ ಒದರಿದೆ. ಅವರಿಕಾಯಿ ಬುಟ್ಟಿ ಉರುಳಿ ಬಿತ್ತು.

ವೈನಿ ಕಾಳು ಆರಿಸ್ಕೊಂತ ಅಂದಳು, "ಗೊತ್ತದ ನನಗ. ಛಲೋ ಮಾಡಿದಿ. ಆದ್ರ ನನ್ನ ಬಾಯಿಗೆ ಬೀಗ ಹಾಕಿದವರು ಫೋನಿನಾಗಿಲ್ಲ, ಈ ಮನ್ಯಾಗ ಅದಾರ. ಇಲ್ಲಿ ಬಾಯಿ ಮುಚ್ಕೊಂಡು ಅಲ್ಲಿ ಹೋಗಿ ಹೇಳ್ಲೇನು? ಕದ್ದು ಹೇಳೂದಕ್ಕ ಅವರೇನು ಬ್ಯಾರೆಯವರ ಗಂಡಾ?"

ನಾನೂ ಬಗ್ಗಿ ಆಕಿ ಜೋಡಿ ಕಾಳು ಆರಿಸಿದೆ. ಅಣ್ಣ ಒಡಪು ಹೇಳ್ಯಾನ ಅಂತ ಆಕಿಗೆ ಹೇಳಬೇಕಂತ ನಾಲಿಗಿ ತುದಿಗೆ ಬಂದಿತ್ತು, ಹೇಳಲಿಲ್ಲ. ಒಳಗಿನ ಮಾತು ಹೊರಗ ಒಯ್ಯಬಾರದು ಅಂತ ಊರಿಗೆಲ್ಲಾ ಹೇಳಿದಾಕಿ ನಾನೇ. ಸಂಜೀಕ ಅಣ್ಣಗ ಮಾತ್ರ ಅಂದೆ, "ಫೋನು ಬಿಡು. ಮಂದಿಗೆ ಅಂಜಿ ಕಟ್ಟಿದ ಬಾಯಿ ಮಂದಿ ಮುಂದೇ ಬಿಚ್ಚಬೇಕು."

ಮುಂದಿನ ತಿಂಗಳು ಮುರುಮದಾಗ ವೈನಿ ತಂಗಿದು ಕುಬಸ. ಬಸುರಿ ಹುಡುಗಿಗೆ ಹಸರು ಸೀರಿ ಉಡಿಸಿ, ಹಸರು ಬಳಿ ಇಡಿಸಿ ಕುಂಡ್ರಿಸಿದ್ರು. ಹೆಂಗಸರು ಒಬ್ಬೊಬ್ಬರೇ ಒಡಪು ಹೇಳಿದ್ರು. ವೈನಿ ಸರದಿ ಬಂತು. "ನನಗ ಬರೂದಿಲ್ರಿ," ಅಂದಳು, ಎಂದಿನಂಗ. ಅಷ್ಟರಾಗ ಗಂಡಸರ ಕಡಿಯಿಂದ ಅಣ್ಣ ಎದ್ದು ಬಂದು ಹೆಂಗಸರ ನಡುವ ನಿಂತ. ಅಗಾ ಬಾಯಿ, ಇವರಿಗೇನಾತು ಅಂತ ಎಲ್ಲಾರೂ ಸೆರಗು ಹೊದ್ಕೊಂಡ್ರು. ಅಣ್ಣ ಗಂಟಲಾ ಸರಿ ಮಾಡಿದ. ಸವಾಲು ಕೂಗೂ ದನ್ಯಾಗ ಶುರು ಮಾಡಿ, ವೈನಿ ಹೆಸರಿಗೆ ಬಂದಾಗ ದನಿ ಇಳಿಸಿ, ಅದೇ ಒಡಪು ಕಡಿತನಕ ಹೇಳಿದ.

ಫೋನುಗಳು ಎದ್ದವು. ಎಲ್ಲಾ ಕಡಿಯಿಂದ. ಅಣ್ಣ ಅವನ್ನ ನೋಡಿದ. ಓಡಿ ಹೋಗ್ತಾನ ಅಂದ್ಕೊಂಡೆ ನಾ. ಅಂವಾ ಅಂದ, "ಛಂದಂಗ ತಗೀರಿ. ಆಮ್ಯಾಲ ಮೊಂಢಾದಾಗ ಆವಾಜ ಬರೂದಿಲ್ಲ ಅನಬ್ಯಾಡ್ರಿ. ಹಲ್ಲಿಗೆ ಅಂಜಾಂವ ನಾನೇ. ಈಕಿ ಹೇಳಿದ್ದು ಖರೆ ಇತ್ತು, ನಾ ಆಕಿ ಬಾಯಿ ಕಟ್ಟಿದ್ದು ತಪ್ಪು."

ಎಲ್ಲಾರೂ ವೈನಿ ಕಡಿ ಹೊಳ್ಳಿದ್ರು, ಫೋನೂ ಹೊಳ್ಳಿದವು. "ಈಗರ ಹೇಳವ್ವಾ, ಹೇಳು!" ವೈನಿ ಸೆರಗಿನಿಂದ ಬಾಯಿ ಮುಚ್ಕೊಂಡು ಆ ಫೋನುಗಳನ್ನ ಒಂದು ಸುತ್ತು ನೋಡಿ, ತಲಿ ಅಲ್ಲಾಡಿಸಿ, ಆರತಿ ತಾಟು ತಗೊಂಡು ಒಳಗ ಹೋದಳು. ಅಣ್ಣನ ಮಾರಿ ಸಣ್ಣದಾತು. ನನಗ ಅಲ್ಲೇ ಅಳು ಬಂತು.

ಹೊಳ್ಳಿ ಬರೂ ಮುಂದ ಗಾಡ್ಯಾಗ ಅಣ್ಣನ ಜೇಬಿನಾಗ ಫೋನು ಒಂದೇ ಸವನ ಟಿಣ್ ಟಿಣ್ ಅಂತಿತ್ತು, ಆಗಲೇ ಗ್ರೂಪಿನಾಗ ಬಂದಿತ್ತಂತ ಕಾಣ್ತದ. ಅಂವಾ ತಗದು ನೋಡಲಿಲ್ಲ. ಮನಿ ಮುಟ್ಟಿದಾಗ ದೀಪ ಹಚ್ಚೂ ವ್ಯಾಳ್ಯಾ. ವೈನಿ ಸೀರಿ ಬದಲಿಸಿ, ಒಲಿ ಹಚ್ಚಿ, ಹಿಟ್ಟು ನಾದಿ ರೊಟ್ಟಿ ಬಡೀಲಿಕ್ಕ ಕುಂತಳು. ಅಣ್ಣ ಕೈಕಾಲು ತೊಳಕೊಂಡು ಒಳಗ ಹೋಗಿ ತಾಟಿನ ಮುಂದ ಕುಂತ. ನಾನೂ ಅವ್ವನೂ ಹೊರಗ ಕಟ್ಟಿ ಮ್ಯಾಲ ಇದ್ವಿ.

ಬಡೀತಿದ್ದ ರೊಟ್ಟಿ ಸಪ್ಪಳ ನಿಂತಿತು. ಒಳಗ ವೈನಿ ದನಿ ಕೇಳಿಸ್ತು, ಸಣ್ಣಗ, ಪ್ರಾಸದ ಏರಿಳಿತದಾಗ. ಏನಂದಳೋ ತಿಳೀಲಿಲ್ಲ. ನಾ ಎದ್ದೇಬಿಟ್ಟೆ, ಬಾಗಿಲ ತನಕ ಹೋಗೇಬಿಡ್ತಿದ್ದೆ, ಅವ್ವ ನನ್ನ ಓಢಣಿ ಹಿಡಿದು ಎಳದು ಕುಂಡ್ರಿಸಿದಳು. "ನಿನಗೇನದ ಅಲ್ಲಿ? ಕೂಡು ಸುಮ್ಕ," ಅಂದಳು.

ಆಮ್ಯಾಲ ಅಣ್ಣ ಮೂಗು ಏರಿಸ್ಕೊಂಡಿದ್ದು ಕೇಳಿಸ್ತು, ಮತ್ತ ಅವನ ದನಿ:

"ಇನ್ನೊಮ್ಮೆ ಹೇಳು."